ಖಾಲಿ ತೋಟೆಯ ಲೆಕ್ಕ

ರೈಫಲ್ಲಿನಿಂದ ಈಡು ಹಾರಿದ ಮೇಲೆ ಬೋಲ್ಟ್ ಹಿಂದಕ್ಕೆಳೆದರೆ ಹಿತ್ತಾಳೆಯ ಒಂದು ಚಿಪ್ಪು ಹೊರಬಂದು ನೆಲಕ್ಕೆ ಬೀಳುತ್ತದೆ. ಮದ್ದು ಉರಿದು ಮುಗಿಯಿತು, ಗುಂಡು ಗುರಿಯ ಕಡೆ ಹೋಯಿತು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಒಮ್ಮೆ ಸಿಡಿದು ಸತ್ತಿತು. ಉಳಿದದ್ದು ಆ ಚಿಪ್ಪು ಮಾತ್ರ. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆತ ಒಳ್ಳೆಯ ಲೋಹ ಅದು. ತೋಟೆಯ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ಗುಂಡು ಹೊಡೆದು ಮುಗಿಸಿದವರು ಕೆಲವರು ನೇರ ಕಾರಿನ ಕಡೆ ನಡೆಯುತ್ತಾರೆ, ಕೆಲವರು ಬಗ್ಗಿ ಒಂದೊಂದೇ ಚಿಪ್ಪನ್ನು ಹೆಕ್ಕಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಆ ಎರಡನೆಯ ಗುಂಪಿನವರು ರೀಲೋಡಿಂಗ್ ಮಾಡುವವರು. ಹೊಡೆದ ತೋಟೆಗೆ ಮತ್ತೆ ಪ್ರೈಮರ್ ಕೂರಿಸಿ, ಮದ್ದು ಸುರಿದು, ಗುಂಡು ಒತ್ತಿ, ಮನೆಯಲ್ಲೇ ಹೊಸ ತೋಟೆ ಮಾಡಿಕೊಳ್ಳುವವರು.

ನಾನಿರುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಇಲ್ಲಿ ಬಿಳಿಬಾಲದ ಜಿಂಕೆಯ ಕೋವಿ ಬೇಟೆ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಆ ದಿನಗಳಲ್ಲಿ ಪೆಟ್ರೋಲ್ ಬಂಕಿನಿಂದ ಚರ್ಚಿನ ಅಂಗಳದ ತನಕ ಎಲ್ಲೆಲ್ಲೂ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಬೇಟೆ ಜಾಕೀಟುಗಳೇ. ನಮ್ಮ ನೆರೆಮನೆಯ ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದವರು, ಬಹುಕಾಲದಿಂದ ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅವರ ಮನೆಯ ನೆಲಮಾಳಿಗೆಯಲ್ಲಿ ಕೂತು ನಾನು ಈ ಕೆಲಸ ಕಲಿತೆ. ಕಲಿಯಲು ಹೋದದ್ದು ಖರ್ಚು ಕಡಿಮೆ ಮಾಡಿಕೊಳ್ಳಲು. ಆದರೆ ದುಡ್ಡಿನ ಲೆಕ್ಕದಿಂದ ಹೊರಟ ಈ ದಾರಿ ನನ್ನನ್ನು ಬೇರೊಂದು ಲೆಕ್ಕದ ಮುಂದೆ ತಂದು ನಿಲ್ಲಿಸಿದೆ.

ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಇಲ್ಲಿ ಜಿಂಕೆ ಬೇಟೆಗೆ ಹೆಚ್ಚು ಬಳಕೆಯಲ್ಲಿರುವ .308 ವಿಂಚೆಸ್ಟರ್ ಅಥವಾ .30-06 ತೋಟೆಗಳು ಇಪ್ಪತ್ತರ ಪೆಟ್ಟಿಗೆಯಲ್ಲಿ ಬರುತ್ತವೆ. ಈಚಿನ ಬೆಲೆಯಲ್ಲಿ ಸಾಧಾರಣ ಬೇಟೆ ತೋಟೆಯ ಪೆಟ್ಟಿಗೆಗೆ ಸುಮಾರು 30ರಿಂದ 50 ಡಾಲರ್. ಮನೆಯಲ್ಲಿ ತುಂಬಿದರೆ ಗುಂಡಿಗೆ ಅರ್ಧ ಡಾಲರ್ ಆಸುಪಾಸು, ಮದ್ದಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಪ್ರೈಮರಿಗೆ ಹತ್ತು ಸೆಂಟಿನ ಅಕ್ಕಪಕ್ಕ. ಚಿಪ್ಪು ನಮ್ಮದೇ. ಒಟ್ಟಿನಲ್ಲಿ ತೋಟೆಯೊಂದಕ್ಕೆ ಹೆಚ್ಚುಕಡಿಮೆ ಒಂದು ಡಾಲರ್. ಅಂದರೆ ಪ್ರತಿ ತೋಟೆಯಲ್ಲಿ ಅರ್ಧದಿಂದ ಒಂದೂವರೆ ಡಾಲರ್ ಉಳಿಯಿತು. ಆದರೆ ಸಲಕರಣೆಗೆ ಮುನ್ನೂರು ಡಾಲರ್ ಹಾಕಿದವನು ಆ ಹಣ ಹಿಂದಕ್ಕೆ ಪಡೆಯಬೇಕಾದರೆ ಕೆಲವು ನೂರು ತೋಟೆ ಹೊಡೆಯಬೇಕು. ಬರೀ ಜಿಂಕೆ ಬೇಟೆಗೆ ಹೋಗುವವನಿಗೆ ವರ್ಷಕ್ಕೊಂದು ಪೆಟ್ಟಿಗೆ ಬೇಕಾದಷ್ಟಾಯಿತು. ಅವನಿಗೆ ಈ ಲೆಕ್ಕ ಮುಟ್ಟುವುದು ಮುದುಕನಾದ ಮೇಲೆ. ವಾರವಾರ ರೇಂಜಿಗೆ ಹೋಗಿ ಗುರಿ ಅಭ್ಯಾಸ ಮಾಡುವವನಿಗೆ ಉಳಿತಾಯ ನಿಜ. ಆದರೆ ತೋಟೆ ಅಗ್ಗವಾಯಿತೆಂದು ಅವನು ಇನ್ನಷ್ಟು ಹೊಡೆಯುತ್ತಾನೆ. ಹಾಗಾಗಿ ತಿಂಗಳ ಕೊನೆಗೆ ಅವನ ಜೇಬಿನಲ್ಲೂ ಹೆಚ್ಚೇನೂ ಮಿಕ್ಕಿರುವುದಿಲ್ಲ. ಇದನ್ನು ಈ ಕೆಲಸದಲ್ಲಿ ಪಳಗಿದವರೆಲ್ಲ ಬಲ್ಲರು, ಬಾಯಿಬಿಟ್ಟು ಹೇಳುತ್ತಾರೆ ಕೂಡ.

ಹಾಗಿದ್ದರೂ ಈ ಹವ್ಯಾಸದ ಚರಿತ್ರೆಯನ್ನು ಕಟ್ಟಿದವರು ಕೈ ಬಿಗಿಹಿಡಿದು ಬದುಕಿದ ಜನ. ಫ್ರೆಡ್ ಹಂಟಿಂಗ್ಟನ್ ಎಂಬಾತ ಕ್ಯಾಲಿಫೋರ್ನಿಯಾದ ಓರೋವಿಲ್ ಊರಿನವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಒಳ್ಳೆಯ ಗುಂಡು ಸಿಗುತ್ತಿರಲಿಲ್ಲ. ಹೊಡೆದು ಬಿಸಾಡಿದ .22 ತೋಟೆಯ ಚಿಪ್ಪುಗಳನ್ನೇ ಹೊದಿಕೆ ಮಾಡಿ, ಒಳಗೆ ಸೀಸ ಒತ್ತಿ ಗುಂಡು ಮಾಡುವ ಅಚ್ಚನ್ನು ಅವನು ತನ್ನ ಅಪ್ಪನ ಲಾಂಡ್ರಿಯ ಹಿಂದಿನ ಜಾಗದಲ್ಲಿ ಸಿದ್ಧಪಡಿಸಿದ. ಅದೇ 1943ರಲ್ಲಿ ಶುರುವಾದ, ರೀಲೋಡಿಂಗ್ ಸಲಕರಣೆ ಮಾಡುವ ಆರ್‌ಸಿಬಿಎಸ್ ಕಂಪನಿ. ಕ್ಯಾನ್ಸಸ್‌ನ ಬ್ರೂಸ್ ಹಾಜ್‌ಡನ್, ಯುದ್ಧ ಮುಗಿದ ಮೇಲೆ ಸೈನ್ಯದ ಹತ್ತಿರ ರಾಶಿ ಬಿದ್ದಿದ್ದ ಮದ್ದನ್ನು ಕೊಂಡು ಸಣ್ಣ ಡಬ್ಬಿಗಳಲ್ಲಿ ಕಡಿಮೆ ಬೆಲೆಗೆ ಮಾರಿದ. ಯುದ್ಧದಿಂದ ಮನೆಗೆ ಮರಳಿದ್ದ ಸಾವಿರಾರು ಮಂದಿಗೆ ರೈಫಲ್ ಗೊತ್ತಿತ್ತು, ಕಾಸು ಇರಲಿಲ್ಲ. ಅವರಿಗೆ ಆ ಮದ್ದು ವರವಾಯಿತು. ನಮ್ಮ ವಿಸ್ಕಾನ್ಸಿನ್ನಿನ ರಿಚರ್ಡ್ ಲೀ 1958ರಲ್ಲಿ ಮನೆಯ ಕಾರ್ಯಾಗಾರದಲ್ಲಿ ಮಾಡಿದ ಲೀ ಲೋಡರ್ ಎಂಬ ಸಲಕರಣೆಯಂತೂ ಬಡವರ ಪಾಲಿಗೆ ತೋಟೆ ತುಂಬುವ ಪ್ರೆಸ್ಸೇ ಆಯಿತು. ಅವನ ಕಂಪನಿ ಲೀ ಪ್ರಿಸಿಷನ್ ಇವತ್ತಿಗೂ ಮಿಲ್ವಾಕಿಯ ವಾಯವ್ಯಕ್ಕಿರುವ ಹಾರ್ಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿದೆ.

ರೈಫಲ್ ತೋಟೆಗೆ ಮಾಡಿದ ಲೀ ಲೋಡರ್ ಅಂಗೈಯಲ್ಲಿ ಹಿಡಿಯುವ ಒಂದು ಡಬ್ಬಿ. ಒಳಗೆ ಉಕ್ಕಿನ ಒಂದೆರಡು ಕೊಳವೆ, ಹಳೆಯ ಪ್ರೈಮರ್ ಹೊರದೂಡುವ ಕಡ್ಡಿ, ಮದ್ದು ಅಳೆಯಲು ಒಂದು ಪುಟ್ಟ ಪ್ಲಾಸ್ಟಿಕ್ ಚಮಚ. ಹೊರಗಿನಿಂದ ಬೇಕಾದದ್ದು ಒಂದು ಮರದ ಕೊಡತಿ. ಬಡಿದು ಹಳೆ ಪ್ರೈಮರ್ ತೆಗೆ, ಬಡಿದು ಚಿಪ್ಪಿನ ಕತ್ತನ್ನು ಕಿರಿದುಮಾಡು, ಬಡಿದು ಹೊಸ ಪ್ರೈಮರ್ ಕೂರಿಸು, ಚಮಚದಲ್ಲಿ ಮದ್ದು ಸುರಿ, ಬಡಿದು ಗುಂಡು ಇಳಿಸು. ಅಷ್ಟೇ. ಅಡುಗೆಮನೆಯ ಮೇಜಿನ ಮೇಲೆ ಆಗುವ ಕೆಲಸ. ಇದರ ಇನ್ನೊಂದು ತುದಿಯಲ್ಲಿ ಸಾವಿರಾರು ಡಾಲರಿನ ಪ್ರೋಗ್ರೆಸಿವ್ ಪ್ರೆಸ್ಸುಗಳಿವೆ. ಅವುಗಳ ಹಿಡಿಕೆ ಒಮ್ಮೆ ಎಳೆದರೆ ನಾಲ್ಕೈದು ಹಂತದ ಕೆಲಸ ಒಟ್ಟಿಗೇ ನಡೆದು ಒಂದು ತೋಟೆ ಹೊರಬೀಳುತ್ತದೆ. ನಡುವೆ ನಿಂತಿರುವುದು ಸಿಂಗಲ್ ಸ್ಟೇಜ್ ಪ್ರೆಸ್. ಎರಕದ ಚೌಕಟ್ಟು, ಒಂದು ಹಿಡಿಕೆ, ಒಂದು ಹೊತ್ತಿಗೆ ಡೈ ಎಂಬ ಒಂದು ಅಚ್ಚು, ಒಂದು ಎಳೆತಕ್ಕೆ ಒಂದು ಕೆಲಸ. ಹಳೆ ಸಾಮಾನಿನ ಮಾರಾಟದಲ್ಲಿ ಕಡಿಮೆ ಬೆಲೆಗೆ ಸಿಕ್ಕ ಐವತ್ತು ವರ್ಷದ ಪ್ರೆಸ್ ಕೂಡ ಹೊಸದರಷ್ಟೇ ನೆಟ್ಟಗೆ ದುಡಿಯುತ್ತದೆ, ಯಾಕೆಂದರೆ ಅದರಲ್ಲಿ ಸವೆಯುವಂಥದ್ದು ಹೆಚ್ಚೇನಿಲ್ಲ.

ಇಲ್ಲೇ ನನಗೆ ಮೊದಲ ವಿಚಾರ ಹೊಳೆದದ್ದು. ದುಬಾರಿ ಯಂತ್ರ ಕೊಂಡವನು ಹಣ ಕೊಟ್ಟು ವೇಗ ತಂದುಕೊಳ್ಳುತ್ತಾನೆ. ಅಗ್ಗದ ಸಲಕರಣೆ ಹಿಡಿದವನು ಅದೇ ಗುಣಮಟ್ಟದ ತೋಟೆ ಮಾಡಬಲ್ಲ, ಒಮ್ಮೊಮ್ಮೆ ಇನ್ನೂ ಚೆನ್ನಾದದ್ದನ್ನೇ ಮಾಡಬಲ್ಲ, ಆದರೆ ಹಣದ ಜಾಗದಲ್ಲಿ ಅವನು ತನ್ನ ಗಮನವನ್ನು ಹಾಕಬೇಕು. ಯಂತ್ರ ಮಾಡುವ ಪ್ರತಿ ತಪಾಸಣೆಯನ್ನು ಅವನ ಕಣ್ಣು ಮಾಡಬೇಕು. ಹಾಗಾದರೆ ಬಡವನ ಬಂಡವಾಳ ಗಮನ ಎಂದಾಯಿತು. ಹಣವನ್ನು ಇವತ್ತು ಸ್ವಲ್ಪ ನಾಳೆ ಸ್ವಲ್ಪ ಹಾಕಬಹುದು. ಗಮನವನ್ನು ಕಂತಿನಲ್ಲಿ ಹಾಕಲು ಬರುವುದಿಲ್ಲ. ಅರ್ಧ ಗಮನದಲ್ಲಿ ತುಂಬಿದ ತೋಟೆಯನ್ನು ಆಮೇಲೆ ಮುಖದ ಹತ್ತಿರ ಹಿಡಿದು ಹೊಡೆಯಬೇಕಾದವನು ಅವನೇ.

ಹೊಡೆದಾಗ ಒಳಗೆ ಏನಾಗುತ್ತದೆ ಎಂದು ತಿಳಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡ 32ರಿಂದ 35 ಪಿಎಸ್‌ಐ. .308 ತೋಟೆಗೆ ನಿಗದಿಯಾದ ಗರಿಷ್ಠ ಒತ್ತಡ 62,000 ಪಿಎಸ್‌ಐ. ಕಣ್ಣು ಮಿಟುಕಿಸುವುದರೊಳಗೆ ಏರಿ ಇಳಿಯುವ ಈ ಒತ್ತಡ ನಡೆಯುವುದು ಹೊಡೆಯುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಉಕ್ಕಿನ ಚೇಂಬರ್ ಅದನ್ನು ತಡೆಯುತ್ತದೆ, ಹಿತ್ತಾಳೆಯ ಚಿಪ್ಪು ಉಬ್ಬಿ ಗೋಡೆಗೆ ಅಂಟಿ ಅನಿಲವನ್ನು ಹಿಂದಕ್ಕೆ ಬಿಡದೆ ಹಿಡಿಯುತ್ತದೆ. ಮದ್ದು ಹೆಚ್ಚಾದರೂ, ಜಾತಿ ತಪ್ಪಿದರೂ ಈ ಏರ್ಪಾಡು ಮುರಿಯಬಹುದು. ಪಿಸ್ತೂಲಿಗೆ ಮಾಡಿದ, ಬೇಗ ಉರಿಯುವ ಮದ್ದಿಗೂ ರೈಫಲ್ಲಿಗೆ ಮಾಡಿದ, ನಿಧಾನ ಉರಿಯುವ ಮದ್ದಿಗೂ ಕಣ್ಣಿಗೆ ಅಂಥಾ ಭೇದ ಕಾಣದೆ ಹೋಗಬಹುದು, ಎರಡೂ ಬೂದುಗಪ್ಪು ಕಾಳು. ಆದ್ದರಿಂದಲೇ ನೆರೆಯವರ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಅಂದಿನ ಕೆಲಸ ಮುಗಿದರೆ ಮಿಕ್ಕದ್ದು ಅದೇ ಡಬ್ಬಿಗೆ ವಾಪಸು, ಡಬ್ಬಿ ಬೀರುವಿಗೆ. ಚೀಟಿ ಹರಿದ, ಹೆಸರು ಗೊತ್ತಿಲ್ಲದ ಮದ್ದು ಸಿಕ್ಕರೆ ಎಷ್ಟೇ ಇದ್ದರೂ ಬಳಸುವಂತಿಲ್ಲ. ಪೌಂಡಿಗೆ ನಲವತ್ತು, ಐವತ್ತು ಡಾಲರಿನ ಪದಾರ್ಥವನ್ನು ಅವರು ಮುಖ ಸಿಂಡರಿಸದೆ ಎಸೆದದ್ದನ್ನು ನೋಡಿದ್ದೇನೆ. ಚಿಪ್ಪಿಗಾಗಿ ಹುಲ್ಲಿನಲ್ಲಿ ಹುಡುಕುವ ಮನುಷ್ಯ ಅವರೇ.

ನಾನು ಬೆಳೆದ ನಮ್ಮ ಮನೆ ಮಲೆನಾಡಿನ ಕೊಪ್ಪದ ಕಡೆ. ಗದ್ದೆಗೆ ಬೀಳುವ ಹಂದಿಯನ್ನು ಬೆದರಿಸಲು ಬೆಳೆರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಒಂದಿತ್ತು. ಚುನಾವಣೆ ಬಂದರೆ ಅದು ಪೊಲೀಸ್ ಠಾಣೆಗೆ ಹೋಗಿ ಕೂರುತ್ತಿತ್ತು, ಆಮೇಲೆ ಮರಳುತ್ತಿತ್ತು. ದೊಡ್ಡಪ್ಪ ಅದಕ್ಕೆ ಮದ್ದು ತುಂಬುವುದನ್ನು ನಾವು ಮಕ್ಕಳು ಜಗಲಿಯ ತುದಿಯಲ್ಲಿ ಸಾಲಾಗಿ ಕೂತು ನೋಡುತ್ತಿದ್ದೆವು. ನಳಿಗೆಯ ಬಾಯಿಂದ ಕರಿಮದ್ದು, ತೆಂಗಿನ ನಾರಿನ ಉಂಡೆ, ಚರೆ, ಮತ್ತೆ ನಾರು. ಗಜ ಹಾಕಿ ಕುಟ್ಟಿ, ಅದು ನಳಿಗೆಯ ಬಾಯಿಂದ ಎಷ್ಟು ಬೆರಳು ಮೇಲೆ ನಿಂತಿತೆಂದು ನೋಡುವುದು. ಅದೇ ಅಳತೆ. ಸಾಕೇ ಬೇಕೇ ಎಂದು ಹೇಳುತ್ತಿದ್ದುದು ದೊಡ್ಡಪ್ಪನ ಕೈ. ಆ ಕೈ ಅಂದಾಜನ್ನು ನಾನು ಹಗುರವಾಗಿ ಕಾಣಲಾರೆ. ಅಡಿಕೆ ಬೇಯಿಸುವ ಹದ, ಬೆಲ್ಲದ ಪಾಕದ ಎಳೆ, ಭತ್ತ ಒಣಗಿತೇ ಎಂಬುದು, ಎಲ್ಲವೂ ಮಲೆನಾಡಿನಲ್ಲಿ ಕೈಯಲ್ಲೇ ತೀರ್ಮಾನವಾದವು. ನನ್ನ ಹಿರಿಯರ ಜ್ಞಾನದ ಬಹುಪಾಲು ಇದ್ದದ್ದು ಬೆರಳ ತುದಿಯಲ್ಲಿ.

ನೆರೆಯವರ ನೆಲಮಾಳಿಗೆಯಲ್ಲಿ ಕೂತಾಗ ನಾನು ಬಿಡಬೇಕಾಗಿ ಬಂದದ್ದು ಕೈ ಅಂದಾಜಿನ ಈ ಹೆಮ್ಮೆಯನ್ನು. ಪೆಟ್ಲುಪ್ಪು, ಇದ್ದಿಲು, ಗಂಧಕದ ಕರಿಮದ್ದನ್ನು ಗಾತ್ರದಿಂದ ಅಳೆಯುವ ಪದ್ಧತಿ ಎಲ್ಲ ಕಡೆ ನಡೆದುಬಂದಿದೆ. ಅಮೆರಿಕದವರೂ ತಮ್ಮ ಹಳೆಯ ಕೋವಿಗಳಿಗೆ ಹಾಗೆಯೇ ಅಳೆಯುತ್ತಾರೆ. ಆದರೆ ಪಾಲ್ ವಿಯೆಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1884ರಲ್ಲಿ ರೂಪಿಸಿದ ಹೊಗೆರಹಿತ ಮದ್ದಿನ ಸ್ವಭಾವ ಬೇರೆ. ಅದು ನೈಟ್ರೋಸೆಲ್ಯುಲೋಸ್, ಅದೇ ತೂಕದ ಕರಿಮದ್ದಿಗಿಂತ ಎಷ್ಟೋ ಹೆಚ್ಚು ಶಕ್ತಿ ಅಡಗಿರುವಂಥದ್ದು. ಅದನ್ನು ದೊಡ್ಡಪ್ಪನ ಕೇಪಿನ ಕೋವಿಗೆ ಅದೇ ಬೆರಳಳತೆಯಲ್ಲಿ ಸುರಿದಿದ್ದರೆ ನಳಿಗೆ ಸೀಳಿ ಹೋಗುತ್ತಿತ್ತು. ಇದನ್ನು ತೂಗುವುದು ಗ್ರೇನ್ ಎಂಬ ಅಳತೆಯಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ತಕ್ಕಡಿ ಅದರಲ್ಲಿ ಹತ್ತನೇ ಒಂದು ಪಾಲನ್ನು ತೋರಿಸಬೇಕು. ಆರೂವರೆ ಮಿಲಿಗ್ರಾಂ, ಕೆಲವೇ ಕಾಳು ಮದ್ದು. ಯಾವ ಕೈಯೂ, ಎಷ್ಟು ವರ್ಷ ಪಳಗಿದರೂ, ಅದನ್ನು ಹೇಳಲಾರದು.

ಹಾಗಾಗಿ ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ನನ್ನ ದೇಹ ತಾನೇ ಮಾಡಬಲ್ಲ ಕೆಲಸಕ್ಕೆ ಯಂತ್ರ ಕೊಳ್ಳದಿದ್ದರೆ ನಷ್ಟವಿಲ್ಲ. ಚಿಪ್ಪು ತೊಳೆಯಲು ವಿದ್ಯುತ್ ಡ್ರಮ್ಮು ಬೇಡ, ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬಿಸಿಲು ಸಾಕು. ಚಿಪ್ಪು ನಿಲ್ಲಿಸಲು ಅಂಗಡಿಯ ಪ್ಲಾಸ್ಟಿಕ್ ತಟ್ಟೆ ಬೇಡ, ಹಲಗೆಗೆ ಸಾಲು ತೂತು ಕೊರೆದರೆ ಆಯಿತು. ಆದರೆ ನನ್ನ ಇಂದ್ರಿಯ ತಲುಪದ ಕಡೆಗೆ ಕಣ್ಣಾಗುವ ಸಾಧನದಲ್ಲಿ ಚೌಕಾಸಿ ನಡೆಯದು. ತಕ್ಕಡಿ, ಅದನ್ನು ಪರೀಕ್ಷಿಸುವ ಬಟ್ಟು, ಉದ್ದ ಅಳೆಯುವ ಕ್ಯಾಲಿಪರ್, ಇವೆಲ್ಲಕ್ಕಿಂತ ಮೊದಲು ಲೋಡಿಂಗ್ ಮ್ಯಾನ್ಯುಯಲ್. ಗುಂಡು ಮಾಡುವ, ಮದ್ದು ಮಾಡುವ ಕಂಪನಿಗಳು ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಅಚ್ಚು ಹಾಕಿದ ಪುಸ್ತಕ ಅದು. ಇಂಥ ತೋಟೆಗೆ, ಇಂಥ ತೂಕದ ಗುಂಡಿಗೆ, ಇಂಥ ಮದ್ದು ಇಷ್ಟರಿಂದ ಶುರುಮಾಡು, ಇಷ್ಟನ್ನು ಮೀರಬೇಡ ಎಂದು ಎರಡು ಅಂಕಿ ಕೊಟ್ಟಿರುತ್ತದೆ. ಕೆಳಗಿನ ಅಂಕಿಯಿಂದ ಹೊರಟು, ಸ್ವಲ್ಪ ಸ್ವಲ್ಪವೇ ಏರುತ್ತ, ಹೊಡೆದ ಚಿಪ್ಪನ್ನು ಪ್ರತಿಸಲ ಓದುತ್ತ ಹೋಗಬೇಕು. ಪ್ರೈಮರ್ ಚಪ್ಪಟೆಯಾಗಿದೆಯೇ, ಬೋಲ್ಟ್ ಎತ್ತಲು ಬಿಗಿಯಾಯಿತೇ ಎಂದು ನೋಡಬೇಕು. ಅನುಭವಿ ಎಂದು ಎಲ್ಲರೂ ಹೇಳುವ ನೆರೆಯವರು ಇಂದಿಗೂ ಮದ್ದು ತೂಗುವ ಮುಂಚೆ ಪುಟ ತೆರೆದು ಅಂಕಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾರೆ. ನೆನಪಿನ ಮೇಲೆ ಇಷ್ಟು ಅಪನಂಬಿಕೆ ಯಾಕೆಂದು ಕೇಳಿದ್ದಕ್ಕೆ, "ನೆನಪು ನನ್ನದು, ಅಂಕಿ ನನ್ನದಲ್ಲ" ಎಂದರು.

ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಚಿಪ್ಪಿನ ಸೇವೆ. ಹೊಡೆದಾಗ ಉಬ್ಬಿದ ಚಿಪ್ಪಿಗೆ ತೆಳುವಾಗಿ ಜಿಡ್ಡು ಸವರಿ ಡೈಯೊಳಗೆ ಒತ್ತಿ ಮೊದಲಿನ ಗಾತ್ರಕ್ಕೆ ತರಬೇಕು. ಜಿಡ್ಡು ಮರೆತರೆ ಚಿಪ್ಪು ಡೈಯೊಳಗೆ ಕಚ್ಚಿಕೊಂಡು ಕೂರುತ್ತದೆ. ಪ್ರತಿ ಸಲ ಉಬ್ಬಿ ಕುಗ್ಗಿ ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ, ಕತ್ತು ಉದ್ದವಾಗುತ್ತದೆ. .308 ಚಿಪ್ಪು 2.015 ಅಂಗುಲ ಮೀರುವಂತಿಲ್ಲ. ಮೀರಿದರೆ 2.005ಕ್ಕೆ ಕತ್ತರಿಸಿ, ಅಂಚಿನ ಒಳಗೂ ಹೊರಗೂ ಒರೆಯಬೇಕು. ಹೀಗೆ ಮುಂದಕ್ಕೆ ಹರಿದ ಲೋಹ ಎಲ್ಲಿಂದ ಬಂತು? ಬುಡದ ಹತ್ತಿರದ ಗೋಡೆಯಿಂದ. ಆ ಜಾಗ ತೆಳುವಾಗುತ್ತ ಆಗುತ್ತ ಒಂದು ದಿನ ಬುಡವೇ ಬಿಟ್ಟುಕೊಳ್ಳಬಹುದು. ಹೊರಗೆ ಬುಡದ ಮೇಲೆ ಹೊಳೆಯುವ ಒಂದು ಗೆರೆ ಕಾಣಿಸಿಕೊಂಡರೆ ಅನುಮಾನ. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಚಿಪ್ಪಿನೊಳಗೆ ಇಳಿಸಿ ಗೋಡೆಗೆ ತಾಗಿಸಿ ಮೇಲೆಳೆಯುವುದು ಪರೀಕ್ಷೆ. ಒಳಗೆ ಸವೆದು ಬಿದ್ದ ಗುಣಿ ಇದ್ದರೆ ಕೊಕ್ಕೆ ಅಲ್ಲಿ ತಡೆಯುತ್ತದೆ. ಇಡೀ ಮೇಜಿನಲ್ಲಿ ಅತಿ ಅಗ್ಗದ ಸಾಧನ ಇದು, ಕಾಸೂ ಬೀಳದ್ದು. ನನಗೆ ಅತಿ ಪ್ರಿಯವಾದದ್ದೂ ಹೌದು. ಕಣ್ಣಿಗೆ ಕಾಣದ ಬಿರುಕೊಂದನ್ನು ಬೆರಳಿಗೆ ಹೇಳುವ ಆ ಸಣ್ಣ ತಂತಿ ಹಿಡಿದಾಗ ದೊಡ್ಡಪ್ಪನ ಬೆರಳ ಜ್ಞಾನಕ್ಕೆ ಈ ಕೋಣೆಯಲ್ಲೂ ಒಂದು ಜಾಗ ಉಳಿದಿದೆ ಎಂಬ ಸಮಾಧಾನ ನನಗಾಗುತ್ತದೆ.

ಅಮೆರಿಕದವರು ಈ ಹವ್ಯಾಸವನ್ನು ಸ್ವಾವಲಂಬನೆಯ ಮಾತಿನಲ್ಲಿ ಹೊಗಳುವುದುಂಟು. ಅಂಗಡಿಯಲ್ಲಿ ತೋಟೆ ಸಿಗದಿದ್ದರೂ ನನಗೆ ಚಿಂತೆಯಿಲ್ಲ ಎಂಬ ಮಾತು. 2020ರಲ್ಲಿ ಕೋವಿಡ್ ಬಂದು, ಜನ ಗಾಬರಿಬಿದ್ದು ಕೋವಿ ಕೊಂಡಾಗ ಈ ಮಾತಿನ ಪರೀಕ್ಷೆಯಾಯಿತು. ತೋಟೆ ಮಾಯವಾದಂತೆ ಪ್ರೈಮರ್ ಕೂಡ ಮಾಯವಾಯಿತು. ಬಟಾಣಿ ಕಾಳಿಗಿಂತ ಚಿಕ್ಕದಾದ ಆ ಬಟ್ಟಲನ್ನು ಮನೆಯಲ್ಲಿ ಮಾಡಿಕೊಳ್ಳುವುದು ಆಗದ ಮಾತು, ಅದರೊಳಗಿನ ರಾಸಾಯನಿಕ ಬಲು ಸೂಕ್ಷ್ಮವಾಗಿ ಸಿಡಿಯುವಂಥದ್ದು. ದೇಶಕ್ಕೆಲ್ಲ ಪ್ರೈಮರ್ ಒದಗಿಸುತ್ತಿದ್ದ ದೊಡ್ಡ ಹೆಸರುಗಳು ನಾಲ್ಕೇ: ಮಿನ್ನೆಸೋಟಾದ ಫೆಡರಲ್, ಐಡಹೋದ ಸಿಸಿಐ, ವಿಂಚೆಸ್ಟರ್, ರೆಮಿಂಗ್ಟನ್. ರೆಮಿಂಗ್ಟನ್ ಅದೇ ವರ್ಷ ದಿವಾಳಿಯಾಗಿ, ಅದರ ತೋಟೆ ಕಾರ್ಖಾನೆ ಫೆಡರಲ್ ಮತ್ತು ಸಿಸಿಐಗಳ ಒಡೆಯನ ಕೈಗೇ ಹೋಯಿತು. ಸಾವಿರಾರು ಚಿಪ್ಪು, ಡಬ್ಬಿಗಟ್ಟಲೆ ಮದ್ದು, ಗುಂಡಿನ ರಾಶಿ ಇಟ್ಟುಕೊಂಡವರೂ ಒಂದು ಪುಟ್ಟ ಬಟ್ಟಲಿಗಾಗಿ ಕೈಕಟ್ಟಿ ಕೂತರು.

ನನ್ನ ಮಟ್ಟಿಗೆ ಆ ವರ್ಷ ಸ್ವಾವಲಂಬನೆ ಎಂಬ ಮಾತು ಸಡಿಲವಾಯಿತು. ತೋಟೆಯ ನಾಲ್ಕು ಭಾಗದಲ್ಲಿ ಮೂರು ಕಾರ್ಖಾನೆಯಿಂದ ಬರಬೇಕು. ನಾಲ್ಕನೆಯ ಚಿಪ್ಪು ಕೂಡ ಮೊದಲ ಸಲ ಅಲ್ಲಿಂದಲೇ ಬಂದದ್ದು. ಅಳತೆಯ ಅಂಕಿಯೂ ಇನ್ನೊಬ್ಬರ ಪ್ರಯೋಗಶಾಲೆಯದು. ಹಾಗಾದರೆ ಇದರಲ್ಲಿ ನನ್ನದು ಏನು? ಹುಡುಕಿದರೆ ಒಂದೇ ಸಿಗುತ್ತದೆ, ಹೊಣೆ. ಅಂಗಡಿಯ ತೋಟೆ ಕೆಟ್ಟರೆ ದೂರಲು ಒಂದು ಕಂಪನಿಯಿದೆ, ಪೆಟ್ಟಿಗೆಯ ಮೇಲೊಂದು ಸಂಖ್ಯೆಯಿದೆ. ನಾನು ತುಂಬಿದ ತೋಟೆ ಕೆಟ್ಟರೆ ಬೆರಳು ತೋರಿಸಲು ಯಾರೂ ಇಲ್ಲ. ಸಾಮಗ್ರಿಗಾಗಿ ಲೋಕವನ್ನೆಲ್ಲ ನೆಚ್ಚಿಕೊಂಡಿದ್ದರೂ ಹೊಣೆಯಲ್ಲಿ ಪಾಲುದಾರರಿಲ್ಲದ ಈ ಸ್ಥಿತಿಯೇ ರೀಲೋಡಿಂಗಿನ ನಿಜವಾದ ಸ್ವರೂಪ ಎಂದು ನಾನು ತಿಳಿದಿದ್ದೇನೆ.

ಇದನ್ನು ನನಗೆ ಮಾತಿಗಿಂತ ಚೆನ್ನಾಗಿ ಕಲಿಸಿದ್ದು ಒಂದು ಕಟ್ಟುಪಾಡು. ನೆರೆಯವರು ಕೊಡುಗೈ. ಬೇಸಿಗೆಯಲ್ಲಿ ಟೊಮೇಟೊ ಬುಟ್ಟಿ ತಂದಿಡುತ್ತಾರೆ, ಚಳಿಗಾಲದಲ್ಲಿ ತಮ್ಮಲ್ಲಿ ಮಿಕ್ಕಿದ್ದ ಡೈ ಕೊಟ್ಟರು, ಚಿಪ್ಪು ಕೊಟ್ಟರು, ಹಳೆಯ ಮ್ಯಾನ್ಯುಯಲ್ ಕೊಟ್ಟು ಹೊಸದನ್ನೂ ಕೊಂಡುಕೊ ಎಂದರು. ಆದರೆ ತುಂಬಿದ ತೋಟೆಯನ್ನು ಒಂದೇ ಒಂದು ಸಲವೂ ಕೊಡಲಿಲ್ಲ, ನನ್ನದನ್ನು ತೆಗೆದುಕೊಳ್ಳಲೂ ಇಲ್ಲ. ಇನ್ನೊಬ್ಬರು ತುಂಬಿದ್ದನ್ನು ನಿನ್ನ ರೈಫಲ್ಲಿಗೆ ಹಾಕಬೇಡ, ನೀನು ತುಂಬಿದ್ದನ್ನು ಇನ್ನೊಬ್ಬರ ಕೈಗೆ ಇಡಬೇಡ ಎಂಬುದು ಈ ಬಳಗದಲ್ಲಿ ಬಾಯಿಂದ ಬಾಯಿಗೆ ಬಂದಿರುವ ನಿಯಮ. ಅಮೆರಿಕದ ಕಾನೂನಿನಲ್ಲಿ ತನ್ನ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವ ವ್ಯಾಪಾರಕ್ಕಿಳಿದರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ತೋಟೆ ತಯಾರಿಗೇ ಲೈಸೆನ್ಸ್ ಬೇಕು. ಆದರೆ ಬಿಟ್ಟಿ ಕೊಡಬಾರದೆಂಬ ಈ ನಿಯಮ ಯಾವ ಕಾನೂನಿನಿಂದಲೂ ಬಂದದ್ದಲ್ಲ. ಮಾಡಿದ್ದನ್ನು ಹಂಚಿ ತಿನ್ನುವ ಮನೆಯಲ್ಲಿ ಬೆಳೆದ ನನಗೆ ಮೊದಲು ಇದು ಬಿಗುಮಾನ ಅನ್ನಿಸಿತ್ತು. ಬರಬರುತ್ತ ಅದರಲ್ಲೊಂದು ಗೌರವ ಕಂಡಿತು. ನನ್ನ ಎಚ್ಚರಕ್ಕೆ ನಿನ್ನ ಕಣ್ಣನ್ನು ಪಣಕ್ಕಿಡಲಾರೆ ಎಂದು ಹೇಳುವ ರೀತಿ ಅದು.

ಆ ನಿಯಮ ಸಾವಿನ ಆಚೆಗೂ ನಡೆಯುತ್ತದೆ. ನೆರೆಯವರ ಗೆಳೆಯರೊಬ್ಬರು ತೀರಿಕೊಂಡಾಗ ಅವರ ಮಡದಿ ಕೆಲವು ಪೆಟ್ಟಿಗೆ ತುಂಬಿದ ತೋಟೆಗಳನ್ನು ತಂದು ಏನು ಮಾಡಲಿ ಎಂದು ಕೇಳಿದರು. ಪ್ರತಿ ಪೆಟ್ಟಿಗೆಯ ಮೇಲೂ ಮದ್ದಿನ ಹೆಸರು, ತೂಕ, ಗುಂಡು, ತಾರೀಕು, ಎಲ್ಲ ಚೊಕ್ಕ ಅಕ್ಷರದಲ್ಲಿ ಬರೆದಿತ್ತು. ಬರೆದವರು ಎಷ್ಟು ಶಿಸ್ತಿನವರೆಂದು ನೆರೆಯವರಿಗೆ ಯಾರಿಗಿಂತ ಹೆಚ್ಚು ಗೊತ್ತಿತ್ತು. ಆದರೂ ನಾವಿಬ್ಬರು ಕೂತು ಒಂದೊಂದನ್ನೂ ಬಿಚ್ಚಿದೆವು. ಗುಂಡುಗಳು ಒಂದು ಡಬ್ಬಿಗೆ, ಚಿಪ್ಪುಗಳು ಇನ್ನೊಂದಕ್ಕೆ. ಮದ್ದು ಚೆಲ್ಲಲು. ಬಿಚ್ಚುತ್ತಾ ಹೋದಂತೆ ಒಳಗಿನ ಮದ್ದನ್ನು ನೆರೆಯವರು ಕುತೂಹಲಕ್ಕೆ ತೂಗಿ ನೋಡಿದರು. ಚೀಟಿಯ ಅಂಕಿಗೂ ತಕ್ಕಡಿಯ ಅಂಕಿಗೂ ವ್ಯತ್ಯಾಸವೇ ಇರಲಿಲ್ಲ. ಅವರ ಮುಖದಲ್ಲಿ ಗೆಳೆಯನ ಬಗ್ಗೆ ಹೆಮ್ಮೆ ಮೂಡಿತು. ಬಿಚ್ಚುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಂಬಿಕೆಯೂ ಪರೀಕ್ಷೆಯೂ ಒಂದೇ ಮನಸ್ಸಿನಲ್ಲಿ ಹೀಗೆ ಜಗಳವಿಲ್ಲದೆ ಇರಬಲ್ಲವೆಂಬುದನ್ನು ನಾನು ಆ ಸಂಜೆಗಿಂತ ಮುಂಚೆ ಕಂಡಿರಲಿಲ್ಲ.

ಇನ್ನೊಂದು ಮಾತನ್ನು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾದೀತು. ಇಷ್ಟೆಲ್ಲ ಶ್ರದ್ಧೆಯಿಂದ ಮಾಡುವ ವಸ್ತು ಕೊಲ್ಲಲು ಮಾಡಿದ್ದು. ಊರಿನ ಕಡೆಯ ಕೆಲವರು ನನ್ನನ್ನು ನೇರವಾಗಿ ಇದನ್ನೇ ಕೇಳಿದ್ದಾರೆ, ಕೇಳಬೇಕಾದ್ದೇ. ಕೆಲಸದ ಅಚ್ಚುಕಟ್ಟು ಕೆಲಸದ ಉದ್ದೇಶವನ್ನು ಒಳ್ಳೆಯದು ಮಾಡಿಬಿಡುವುದಿಲ್ಲ. ಬೇಟೆಯ ಬಗ್ಗೆ ನನಗೆ ಪೂರ್ತಿ ನೆಮ್ಮದಿಯಿಲ್ಲ, ನಾನು ಹೊಡೆಯುವುದರಲ್ಲಿ ಹೆಚ್ಚಿನದು ಕಾಗದದ ಗುರಿಗೆ. ಆದರೆ ಗಮನಿಸಿದ್ದನ್ನು ಹೇಳಬಲ್ಲೆ. ಒಂದೊಂದು ಚಿಪ್ಪನ್ನೂ ಕೊಕ್ಕೆಯಿಂದ ತಡವಿ, ಒಂದೊಂದು ಈಡನ್ನೂ ತೂಗಿ ಮಾಡಿದ ಬೇಟೆಗಾರರು ಓಡುವ ಜಿಂಕೆಯ ಹಿಂದೆ ಸುಮ್ಮನೆ ಹೊಡೆದದ್ದನ್ನು ನಾನು ಕಂಡಿಲ್ಲ. ನೆರೆಯವರು ಬೇಟೆಯ ಒಂಬತ್ತು ದಿನವೂ ಕೂತು, ಒಮ್ಮೆಯೂ ಕುದುರೆ ಎಳೆಯದೆ, ತೆಗೆದುಕೊಂಡು ಹೋದ ತೋಟೆಗಳನ್ನೆಲ್ಲ ಹಾಗೇ ಮರಳಿ ತಂದ ವರ್ಷವೂ ಇದೆ. ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಿ ಸಾಯಬಾರದು ಎಂಬ ಕಾಳಜಿಗೂ ಮೇಜಿನ ಮುಂದಿನ ಆ ಗಮನಕ್ಕೂ ಸಂಬಂಧವಿದೆ ಎಂದು ನಾನು ನಂಬಿದ್ದೇನೆ. ಎಲ್ಲರಲ್ಲೂ ಹೀಗೆ ಎಂದು ವಾದಿಸಲಾರೆ.

ಈ ಊರಿಗೆ ಹೊಸದಾಗಿ ಬಂದ ಕನ್ನಡದ ಹುಡುಗನೊಬ್ಬ, ಇಲ್ಲಿನ ಪೌರನಾಗಿ ಕಾನೂನುಬದ್ಧವಾಗಿ ರೈಫಲ್ ಇಟ್ಟುಕೊಂಡವನು, ಮೊನ್ನೆ ಕೇಳಿದ: ಶುರುಮಾಡಲು ಕಡಿಮೆಯೆಂದರೆ ಎಷ್ಟು ಬೇಕು ಅಣ್ಣಾ? ಮೊದಲು ಮ್ಯಾನ್ಯುಯಲ್ ಒಂದೇ ಕೊಳ್ಳು ಎಂದೆ. ಅಂಕಿಗಳ ಪುಟಕ್ಕೆ ಹೋಗುವ ಮುಂಚಿನ ಅಧ್ಯಾಯಗಳನ್ನು ಎರಡು ಸಲ ಓದು. ಓದಿದ ಮೇಲೂ ಮನಸ್ಸಿದ್ದರೆ ತಕ್ಕಡಿ, ಕ್ಯಾಲಿಪರ್, ಕಣ್ಣಿಗೆ ಕನ್ನಡಕ. ಪ್ರೆಸ್ಸನ್ನು ಹಳೆಯದೇ ಹುಡುಕೋಣ, ಡೈ ನನ್ನ ಹತ್ತಿರ ಇದ್ದರೆ ಒಯ್ಯಿ. ಅಷ್ಟರತನಕ ನೀನು ಹೊಡೆದ ಚಿಪ್ಪುಗಳನ್ನು ಬಿಡದೆ ಹೆಕ್ಕಿಡು. ನಿನ್ನ ರೈಫಲ್ಲಿನಿಂದ ಬಂದವನ್ನು ಬೇರೆಯಾಗಿ, ರೇಂಜಿನಲ್ಲಿ ಸಿಕ್ಕವನ್ನು ಬೇರೆಯಾಗಿ ಇಡು. ಮದ್ದನ್ನೂ ಪ್ರೈಮರನ್ನೂ ಕೊನೆಗೆ ಕೊಳ್ಳು, ಮಾತಾಡಲು ಯಾರೂ ಬರದ ಒಂದು ಮಧ್ಯಾಹ್ನ ನೋಡಿಕೊಂಡು. ಫೋನನ್ನು ಮಹಡಿಯಲ್ಲಿ ಬಿಟ್ಟು ಬಾ. ಅವನು ಪಟ್ಟಿ ಬರೆದುಕೊಂಡ. ಮುಂದಿನ ಶನಿವಾರ ನೆರೆಯವರ ನೆಲಮಾಳಿಗೆಗೆ ಅವನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿದೆ.